ಮುಧೋಳ ಮರಿಗೆ ಏನು ಕೊಟ್ಟರೆ ಮಾತು ಕೇಳೀತು?

ಪ್ರಶ್ನೆ: ನಾವು ಧಾರವಾಡದ ಸಪ್ತಾಪುರದಲ್ಲಿದ್ದೇವೆ. ಏಳು ತಿಂಗಳ ಮುಧೋಳ ಹೆಣ್ಣು ಮರಿ ಇದೆ, ಹೆಸರು ಬಿಜಲಿ. ತೂಕ 18 ಕೆಜಿ. ಮನೆಯೊಳಗೆ ಕೂತ್ಕೋ ಅಂದರೆ ಕೂರುತ್ತದೆ. ಸಾಧನಕೇರಿ ಕಡೆ ವಾಕಿಂಗ್ ಹೋದರೆ ನಮ್ಮ ದನಿಯೇ ಕಿವಿಗೆ ಬೀಳುವುದಿಲ್ಲ, ಬಿಸ್ಕಿಟ್ ತೋರಿಸಿದರೂ ಮುಖ ತಿರುಗಿಸುತ್ತದೆ. ನಮ್ಮ ಮಾವನವರು ಕರೆದರೆ ಮಾತ್ರ ಎಲ್ಲಿದ್ದರೂ ಓಡಿ ಬರುತ್ತದೆ, ಯಾಕೆಂದರೆ ಅವರ ಕೈಯಲ್ಲಿ ಪೇಡೆ ಇರುತ್ತದೆ! ಟ್ರೇನರ್ ಚಿಕನ್ ಲಿವರ್ ಕೊಡಿ ಅಂತಾರೆ. ನಮ್ಮ ಮನೆಯಲ್ಲಿ ಮಾಂಸ, ತತ್ತಿ ಒಳಗೆ ಬರುವ ಹಾಗಿಲ್ಲ. ಸಸ್ಯಾಹಾರದಲ್ಲೇ ಕಲಿಸಲು ಆಗುತ್ತದೆಯೇ? ಏನು ಕೊಡಬೇಕು, ಎಷ್ಟು ಕೊಡಬೇಕು? ಜೀವನಪೂರ್ತಿ ಹೀಗೆ ಜೇಬಿನಲ್ಲಿ ತಿಂಡಿ ಇಟ್ಟುಕೊಂಡೇ ಓಡಾಡಬೇಕೇ?

ಉತ್ತರ: ಆಗುತ್ತದೆ. ಲಿವರ್ ಇಲ್ಲದೆಯೂ ಮುಧೋಳ ನಾಯಿಗೆ ಚೆನ್ನಾಗಿ ಕಲಿಸಬಹುದು. ಏನು ಕೊಡುತ್ತೀರಿ ಅನ್ನುವುದರಷ್ಟೇ, ಎಷ್ಟು ಸಣ್ಣದು, ಎಲ್ಲಿ, ಯಾವ ಕ್ಷಣಕ್ಕೆ ಕೊಡುತ್ತೀರಿ ಅನ್ನುವುದೂ ಮುಖ್ಯ.

ಮೊದಲು ನಿಮ್ಮ ಮಾವನವರ ವಿಷಯ ಮುಗಿಸೋಣ. ಬಿಜಲಿಗೆ ಅವರ ಮೇಲೆ ವಿಶೇಷ ಪ್ರೀತಿ, ನಿಮ್ಮ ಮೇಲೆ ಸಿಟ್ಟು ಅಂತೇನೂ ಇಲ್ಲ. ಅವರ ಹತ್ತಿರ ಪಗಾರ ಜಾಸ್ತಿ, ಅದೂ ಕೈಯಲ್ಲೇ ರೊಕ್ಕ. ಕರೆದರು, ಬಂತು, ಬಾಯಿಗೆ ಬಿತ್ತು. ಜೊತೆಗೆ ಅವರು ಸ್ನಾನ ಮಾಡಿಸಲಿಕ್ಕೋ, ಬೈಯಲಿಕ್ಕೋ, ಕಟ್ಟಿಹಾಕಲಿಕ್ಕೋ ಕರೆಯುವುದಿಲ್ಲ, ಅಲ್ವಾ? ನಾವು ಮಾಡುವ ತಪ್ಪೇ ಅದು. ವಾಕಿಂಗ್ ಮುಗಿಸಿ ಬೆಲ್ಟ್ ಹಾಕುವ ಹೊತ್ತಿಗಷ್ಟೇ 'ಬಾ' ಅನ್ನುತ್ತೇವೆ. ನಾಲ್ಕು ಸಲ ಹಾಗಾದರೆ 'ಬಾ' ಅಂದರೆ ಆಟ ಮುಗಿಯಿತು ಅಂತ ನಾಯಿ ಕಲಿಯುತ್ತದೆ. ಮಾವನವರ ವಿಧಾನ ಪೂರ್ತಿ ಸರಿ ಇದೆ, ಪದಾರ್ಥ ಒಂದೇ ತಪ್ಪು.

ಪೇಡೆ ಯಾಕೆ ಬೇಡ? ಅದರಲ್ಲಿರುವುದು ಖೋವಾ ಮತ್ತು ಸಕ್ಕರೆ. ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಚೂರು ತಿಂದರೆ ನಾಯಿ ಸಾಯುವುದಿಲ್ಲ. ಆದರೆ ದಿನಾ ಕೊಟ್ಟರೆ ತೂಕ ಏರುತ್ತದೆ, ಹಾಲಿನ ಸಕ್ಕರೆ ಜೀರ್ಣವಾಗದ ನಾಯಿಗಳಿಗೆ ಭೇದಿ ಶುರುವಾಗುತ್ತದೆ. ಇನ್ನೂ ದೊಡ್ಡ ಭಯ ಜಿಡ್ಡಿನದು. ಹಬ್ಬದ ದಿನ ಒಮ್ಮೆಲೇ ನಾಲ್ಕೈದು ಪೇಡೆ, ಮೇಲೆ ತುಪ್ಪ ಸುರಿದ ಹೋಳಿಗೆ ತಿಂದ ನಾಯಿಗೆ ಪ್ಯಾಂಕ್ರಿಯಾಸ್ ಊದಿಕೊಳ್ಳಬಹುದು. ಆಗ ಮತ್ತೆ ಮತ್ತೆ ವಾಂತಿ ಮಾಡುತ್ತದೆ, ಊಟ ಬಿಡುತ್ತದೆ, ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿ ನಿಲ್ಲುತ್ತದೆ. ಹೊಟ್ಟೆನೋವಿನ ಭಂಗಿ ಅದು. ನೋಡಿದವರು 'ಮೈ ಮುರೀತಿದೆ' ಅಂದುಕೊಂಡು ಸುಮ್ನೆ ಇರುತ್ತಾರೆ. ಇರಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾವನವರಿಗೆ 'ಕೊಡಬೇಡಿ' ಅನ್ನುವುದು ನಿಮಗೆ ಕಷ್ಟ ಅಂತ ಗೊತ್ತು. ಪೇಡೆ ಬದಲು ಕೊಡಲು ಬೇರೆ ಡಬ್ಬಿ ಅವರ ಕೈಗೆ ಕೊಟ್ಟುಬಿಡಿ. ಕೊಡುವ ಖುಷಿ ಅವರಿಗೆ ಉಳಿಯಲಿ.

ಆ ಡಬ್ಬಿಯಲ್ಲಿ ಏನಿರಬೇಕು ಅನ್ನುವ ಮೊದಲು ಸ್ವಲ್ಪ ಲೆಕ್ಕ. ಬೆಳೆಯುವ ವಯಸ್ಸಿನ 18 ಕೆಜಿ ಮರಿಗೆ ದಿನಕ್ಕೆ ಸುಮಾರು 1200 ಕ್ಯಾಲರಿ ಬೇಕು. ಟ್ರೀಟ್‌ಗಳೆಲ್ಲ ಸೇರಿ ಅದರ ಹತ್ತನೇ ಒಂದು ಭಾಗ ದಾಟಬಾರದು. ಅಂದರೆ 120 ಕ್ಯಾಲರಿ. ಒಂದು ಗ್ಲೂಕೋಸ್ ಬಿಸ್ಕಿಟ್‌ನಲ್ಲಿ ಸುಮಾರು 20 ಕ್ಯಾಲರಿ ಇರುತ್ತದೆ. ಆರು ಬಿಸ್ಕಿಟ್ ಕೊಟ್ಟರೆ ದಿನದ ಲೆಕ್ಕ ಮುಗೀತು, ಕಲಿಸಲು ಸಿಕ್ಕಿದ್ದು ಆರೇ ಅವಕಾಶ. ಅದರಲ್ಲಿ ಸುಮಾರು ಕಾಲು ಭಾಗ ಸಕ್ಕರೆ ಬೇರೆ. ಅದೇ 120 ಕ್ಯಾಲರಿಗೆ 40 ಗ್ರಾಂ ಪನೀರ್ ಬರುತ್ತದೆ. ಅದನ್ನು ಬಟಾಣಿ ಕಾಳಿನಷ್ಟು ಹೆಚ್ಚಿದರೆ 80 ತುಣುಕು. ಎಂಬತ್ತು ಸಲ ಕರೆಯಬಹುದು, ಎಂಬತ್ತು ಸಲ ಭೇಷ್ ಅನ್ನಬಹುದು.

ಜನ ನಂಬದೇ ಇರುವುದು ಇದನ್ನೇ. 'ಅಷ್ಟು ಚೂರಿಗೆ ಅದಕ್ಕೇನಾಗುತ್ತೆ ಡಾಕ್ಟ್ರೇ, ಹಲ್ಲಿಗೂ ಸಾಲಲ್ಲ' ಅನ್ನುತ್ತಾರೆ. ಹಲ್ಲಿಗೆ ಸಾಲಬಾರದು. ಅಗಿಯುತ್ತಾ ಕೂತರೆ ಪಾಠ ನಿಂತುಹೋಗುತ್ತದೆ. ಬಾಯಿಗೆ ಬಿದ್ದ ಒಂದೆರಡು ಸೆಕೆಂಡಿನಲ್ಲಿ ನುಂಗಿ ಮತ್ತೆ ನಿಮ್ಮ ಮುಖ ನೋಡಬೇಕು. ಒಂದು ದೊಡ್ಡ ತುಂಡಿಗಿಂತ ಒಂದರ ಹಿಂದೆ ಒಂದು ಬರುವ ನಾಲ್ಕು ಸಣ್ಣ ತುಂಡು ನಾಯಿಗೆ ದೊಡ್ಡ ಬಹುಮಾನ. ನಾಯಿ ನಾಲಿಗೆಯಲ್ಲಿ ರುಚಿಮೊಗ್ಗು ನಮಗಿಂತ ತುಂಬಾ ಕಡಿಮೆ, ನಮ್ಮದರ ಐದನೇ ಒಂದು ಭಾಗದಷ್ಟು. ಅದು ಬಹುಮಾನವನ್ನು ಅಳೆಯುವುದು ಮುಖ್ಯವಾಗಿ ಮೂಗಿನಿಂದ. ಹಾಗಾಗಿ ಫ್ರಿಜ್‌ನಿಂದ ತೆಗೆದ ತಣ್ಣನೆ ಪನೀರ್ ಹಾಗೇ ಒಯ್ಯಬೇಡಿ. ಹತ್ತು ನಿಮಿಷ ಹೊರಗಿಡಿ, ಇಲ್ಲವೇ ಎಣ್ಣೆ ಹಾಕದೆ ಹಂಚಿನ ಮೇಲೆ ಒಂದು ಸಲ ಹೊರಳಿಸಿ. ವಾಸನೆ ಏಳುತ್ತದೆ, ಮೇಲಿನ ನೀರಾರಿ ಜೇಬೂ ಕೆಡುವುದಿಲ್ಲ.

ನಿಮ್ಮ ಮನೆಗೆ ಒಪ್ಪುವ ಇನ್ನೊಂದು ಒಳ್ಳೆ ಟ್ರೀಟ್ ಇದೆ: ಜುಣಕದ ವಡಿ. ನೀವು ಮಾಡುವ ಜುಣಕ ಅಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಉಪ್ಪು, ಖಾರ, ಒಗ್ಗರಣೆ ಯಾವುದೂ ಇಲ್ಲದ್ದು. ಒಂದು ವಾಟಿ ಕಡ್ಲಿ ಹಿಟ್ಟಿಗೆ ಎರಡೂವರೆ ವಾಟಿ ತೆಳು ಮಜ್ಜಿಗೆ ಹಾಕಿ ಗಂಟಿಲ್ಲದಂತೆ ಕಲಸಿ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಮೊದಲು ಗಂಜಿಯ ಹಾಗೆ ಇರುತ್ತದೆ, ಆಮೇಲೆ ಚಮಚಕ್ಕೆ ಭಾರವಾಗುತ್ತದೆ, ಕೊನೆಗೆ ಪಾತ್ರೆಯ ತಳ ಬಿಟ್ಟು ಒಂದೇ ಮುದ್ದೆಯಾಗಿ ಚಮಚದ ಹಿಂದೆ ತಿರುಗುತ್ತದೆ. ಆಗ ಮುಚ್ಚಿ ಎರಡು ನಿಮಿಷ ಬೇಯಲು ಬಿಡಿ, ಹಸಿ ವಾಸನೆ ಉಳಿಯಬಾರದು. ತಾಟಿಗೆ ಸುರಿದು ಅರ್ಧ ಬೆರಳು ದಪ್ಪಕ್ಕೆ ತಟ್ಟಿ. ಪೂರ್ತಿ ಆರಿದ ಮೇಲೆ ಚಾಕು ನೀರಿಗೆ ಅದ್ದಿ ಸಣ್ಣ ಚೌಕಗಳಾಗಿ ಕತ್ತರಿಸಿ. ಚೆನ್ನಾಗಿ ಬೆಂದಿದ್ದರೆ ತುಂಡು ಬೆರಳಿಗೆ ಅಂಟುವುದಿಲ್ಲ, ಹಿಸುಕಿದರೆ ಪುಡಿಯೂ ಆಗುವುದಿಲ್ಲ, ರಬ್ಬರಿನಂತೆ ಬಾಗುತ್ತದೆ. ಟ್ರೀಟ್‌ಗೆ ಬೇಕಾದ ಗುಣ ಅದೇ. ನೀರಿನ ಅಂಶ ಜಾಸ್ತಿ ಇರುವುದರಿಂದ ತೂಕಕ್ಕೆ ತೂಕ ಪನೀರ್‌ನ ಅರ್ಧದಷ್ಟೂ ಕ್ಯಾಲರಿ ಇಲ್ಲ. ಫ್ರಿಜ್‌ನಲ್ಲಿ ಎರಡು ಮೂರು ದಿನ ಇರುತ್ತದೆ. ಮೊದಲ ದಿನ ನಾಲ್ಕೈದು ತುಂಡು ಮಾತ್ರ ಕೊಟ್ಟು ನೋಡಿ. ಕಡ್ಲಿ ಹಿಟ್ಟು ಕೆಲವು ನಾಯಿಗಳಿಗೆ ವಾಯು ಮಾಡುತ್ತದೆ, ಆ ರಾತ್ರಿ ಮನೆಯವರಿಗೇ ಗೊತ್ತಾಗುತ್ತದೆ.

ಬೇಯಿಸಿದ ಗೆಣಸು, ಬೇಯಿಸಿದ ಕುಂಬಳಕಾಯಿ, ಗಜ್ಜರಿ, ಸವತಿಕಾಯಿ, ಬೀಜ ತೆಗೆದ ಕಲ್ಲಂಗಡಿ ಮತ್ತು ಪಪ್ಪಾಯಿ, ಬೀಜ ತೆಗೆದ ಸೇಬು ಇವೆಲ್ಲ ನಡೆಯುತ್ತವೆ. ಕ್ಯಾಲರಿ ಕಡಿಮೆ, ತೂಕ ಜಾಸ್ತಿಯಾದ ನಾಯಿಗೂ ಸೈ. ಆದರೆ ಗಜ್ಜರಿಗೆ ರಸ್ತೆಯ ಮೇಲೆ ಬೆಲೆ ಇಲ್ಲ. ಅದು ಮನೆಯ ಪಡಸಾಲೆಯ ಟ್ರೀಟ್. ಪುಟಾಣಿ ಹತ್ತು ಹದಿನೈದು ಕಾಳು ಕೊಡಬಹುದು. ಚುರಮರಿ ಕೇಳುವವರೂ ಇದ್ದಾರೆ. ಹಗುರ ಇದೆ, ಆದರೆ ವಾಸನೆ ಇಲ್ಲ, ಉಪ್ಪಿದೆ. ಗಿರ್ಮಿಟ್‌ನದಂತೂ ಕೊಡಲೇಬಾರದು, ಉಳ್ಳಾಗಡ್ಡಿ ಇರುತ್ತದೆ.

ಖಡಕ್ ಜೋಳದ ರೊಟ್ಟಿ ಬಗ್ಗೆ ಬೇರೆಯೇ ಹೇಳಬೇಕು, ಯಾಕೆಂದರೆ ಈ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ. ಆಹಾರವಾಗಿ ತೊಂದರೆ ಇಲ್ಲ. ತೋಳದಿಂದ ಬೇರೆಯಾಗಿ ಮನುಷ್ಯನ ಜೊತೆ ಬದುಕುತ್ತಾ ನಾಯಿ ಪಿಷ್ಟ ಜೀರ್ಣಿಸುವುದನ್ನು ಕಲಿತಿದೆ. ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವದ ಜೀನ್ ಪ್ರತಿಗಳು ನಾಯಿಗಳಲ್ಲಿ ತೋಳಗಳಿಗಿಂತ ಹೆಚ್ಚಿವೆ ಅಂತ 2013ರಲ್ಲೇ ಗೊತ್ತಾಗಿದೆ. ಟ್ರೀಟ್ ಆಗಿ ಮಾತ್ರ ರೊಟ್ಟಿ ಕೆಲಸಕ್ಕೆ ಬರುವುದಿಲ್ಲ. ಬಾಯಲ್ಲಿ ಪುಡಿಯಾಗಿ ಅರ್ಧ ನೆಲಕ್ಕೆ ಬೀಳುತ್ತದೆ. ಆಮೇಲೆ ಅರ್ಧ ನಿಮಿಷ ನಾಯಿ ಆ ಪುಡಿಯನ್ನೇ ಮೂಸಿ ನೆಕ್ಕುತ್ತಾ ಇರುತ್ತದೆ, ನೀವು 'ಬಿಜಲಿ, ಬಿಜಲಿ' ಅಂತ ನಿಂತಿರುತ್ತೀರಿ. ಕರೆದರೂ ಕಡೆಗಣಿಸಬಹುದು ಅನ್ನುವ ಪಾಠವನ್ನು ನೀವೇ ಕಲಿಸಿದಂತೆ.

ಶೇಂಗಾ. ಹುರಿದ, ಉಪ್ಪಿಲ್ಲದ, ಸಿಪ್ಪೆ ತೆಗೆದ ಶೇಂಗಾ ನಾಲ್ಕೈದು ಕಾಳು ತಿಂದರೆ ವಿಷವೇನಲ್ಲ. ಆದರೂ ನಾನು ಬೇಡ ಅನ್ನುತ್ತೇನೆ. ಜಿಡ್ಡು ತುಂಬಾ ಜಾಸ್ತಿ, 100 ಗ್ರಾಂಗೆ 560 ಕ್ಯಾಲರಿ ದಾಟುತ್ತದೆ. ಅದಕ್ಕಿಂತ ಮುಖ್ಯ ಕಾರಣ ಬೂಸ್ಟು. ಧಾರವಾಡದ ಮಳೆಗಾಲದಲ್ಲಿ ಚೀಲದ ತಳದ ಶೇಂಗಾಕ್ಕೆ ಶಿಲೀಂಧ್ರ ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಲಿವರ್ ಕೆಡಿಸುತ್ತದೆ, ನಾಯಿಗಳು ಅದಕ್ಕೆ ಬಹಳ ಸೂಕ್ಷ್ಮ. ಹುರಿದರೆ ಆ ವಿಷ ಪೂರ್ತಿ ಹೋಗುವುದಿಲ್ಲ. ನಮಗೆ ಬೇಡ ಅಂತ ಆರಿಸಿ ಬಿಸಾಡುವ ಕಪ್ಪು, ಕಹಿ, ಮುರುಟಿದ ಕಾಳನ್ನು 'ನಾಯಿಗೆ ಹಾಕಿದರಾಯ್ತು' ಅಂತ ಎತ್ತಿಡುವ ರೂಢಿ ಇದೆಯಲ್ಲ, ಅದನ್ನು ದಯವಿಟ್ಟು ಬಿಡಿ. ಶೇಂಗಾ ಚಟ್ನಿಯಲ್ಲಿ ಬಳ್ಳೊಳ್ಳಿ ಇರುತ್ತದೆ, ಅದೂ ಬೇಡ.

ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಹಸಿ, ಬೆಂದದ್ದು, ಒಣಪುಡಿ ಎಲ್ಲ ಒಂದೇ, ಪುಡಿಯಲ್ಲಂತೂ ಅಂಶ ಇನ್ನೂ ಗಟ್ಟಿ. ತೊಂದರೆ ಅಂದೇ ಕಾಣುವುದಿಲ್ಲ. ಕೆಲವು ದಿನ ಬಿಟ್ಟು ವಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದಾಗುತ್ತದೆ, ನಾಯಿ ಸುಸ್ತಾಗಿ ಮಲಗುತ್ತದೆ. ಅಷ್ಟು ಹೊತ್ತಿಗೆ ತಿಂದದ್ದು ಯಾರಿಗೂ ನೆನಪಿರುವುದಿಲ್ಲ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಕಿಡ್ನಿಗೆ ಹೊಡೆಯುತ್ತವೆ. ಎಷ್ಟು ತಿಂದರೆ ಅಪಾಯವಿಲ್ಲ ಅಂತ ಅಳತೆ ಹೇಳಲು ಬರುವುದಿಲ್ಲ, ಒಂದು ನಾಯಿ ತಡೆದುಕೊಂಡದ್ದನ್ನು ಇನ್ನೊಂದು ತಡೆಯುವುದಿಲ್ಲ. ಗೋದಿ ಹುಗ್ಗಿ ಮಾಡಿದ ದಿನ ತಳ ಕೆರೆದು ನಾಯಿಗೆ ಹಾಕುವವರು ಅದರಲ್ಲಿ ಒಣದ್ರಾಕ್ಷಿ ಇದೆ ಅನ್ನುವುದನ್ನು ಮರೆಯಬಾರದು. ಚಾಕೊಲೇಟ್ ಬೇಡ ಅನ್ನುವುದು ಈಗ ಎಲ್ಲರಿಗೂ ಗೊತ್ತು. ಅಷ್ಟು ಗೊತ್ತಿಲ್ಲದ್ದು ಜೈಲಿಟಾಲ್. ಕೆಲವು ಶುಗರ್ ಫ್ರೀ ಚೂಯಿಂಗ್ ಗಮ್, ಮಿಠಾಯಿ, ಪೀನಟ್ ಬಟರ್‌ಗಳಲ್ಲಿ ಸಿಹಿಗೆ ಇದನ್ನು ಹಾಕುತ್ತಾರೆ. ನಾಯಿಯಲ್ಲಿ ಇದು ಇನ್ಸುಲಿನ್ ಒಮ್ಮೆಲೇ ಏರಿಸಿ ರಕ್ತದ ಸಕ್ಕರೆಯನ್ನು ತಳಕ್ಕಿಳಿಸುತ್ತದೆ. ಇವುಗಳಲ್ಲಿ ಯಾವುದು ಹೊಟ್ಟೆಗೆ ಹೋದರೂ ಲಕ್ಷಣ ಕಾಣಲಿ ಅಂತ ಕಾಯಬೇಡಿ, ಕವರ್ ಸಮೇತ ಡಾಕ್ಟರ ಹತ್ತಿರ ಓಡಿ.

ಈಗ ನಿಮ್ಮ ನಿಜವಾದ ತೊಂದರೆ: ಹೊರಗೆ ಹೋದರೆ ಬಿಸ್ಕಿಟ್ ಕೂಡ ಬೇಡ ಅನ್ನುವುದು. ಇದಕ್ಕೆ ಇನ್ನೂ ರುಚಿಯಾದ ಟ್ರೀಟ್ ಹುಡುಕುತ್ತಾ ಹೋದರೆ ಪ್ರಯೋಜನವಿಲ್ಲ. ಮನೆಯಲ್ಲಿ ಖುಷಿಯಿಂದ ತಿನ್ನುವ ತುಂಡನ್ನು ರಸ್ತೆಯಲ್ಲಿ ಬೇಡ ಅಂದರೆ ಎರಡೇ ಕಾರಣ. ಒಂದೋ ಹೆದರಿದೆ, ಇಲ್ಲವೇ ಬೇರೆ ಏನೋ ಅದರ ಗಮನವನ್ನು ಪೂರ್ತಿ ಹಿಡಿದಿದೆ. ಹೆದರಿದ ನಾಯಿಗೆ ಗಂಟಲಲ್ಲಿ ಏನೂ ಇಳಿಯುವುದಿಲ್ಲ. ಬೀದಿನಾಯಿಗಳ ಗುಂಪು, ಚಿಗರಿ ಬಸ್ಸಿನ ಹಾರ್ನ್, ಮದುವೆ ಮೆರವಣಿಗೆಯ ಬ್ಯಾಂಡು ಇವೆಲ್ಲ ಏಳು ತಿಂಗಳ ಮರಿಗೆ ದೊಡ್ಡ ಸಂಗತಿಗಳು. ಬಾಲ ಎಲ್ಲಿದೆ, ಕಿವಿ ಎಲ್ಲಿದೆ ನೋಡಿ. ಬಾಲ ಕಾಲ ಸಂದಿಗೆ ಹೋಗಿ, ಕಿವಿ ತಲೆಗೆ ಅಂಟಿ, ಬಾಯಿ ಬಿಗಿಯಾಗಿದ್ದರೆ ಭಯ. ತಲೆ ಎತ್ತಿ, ಮೈ ಸೆಟೆದು, ದೂರದ ಕುರಿಯನ್ನೋ ಬೆಕ್ಕನ್ನೋ ನೋಡುತ್ತಾ ನಿಂತಿದ್ದರೆ ಅದು ಮುಧೋಳದ ರಕ್ತ. ಕಣ್ಣಿಂದ ಬೇಟೆ ಹಿಡಿಯಲೆಂದೇ ಬೆಳೆಸಿದ ತಳಿ ಅದು.

ಎರಡಕ್ಕೂ ಮದ್ದು ದೂರ. ಟ್ರೀಟ್ ತಿನ್ನುವಷ್ಟು ದೂರಕ್ಕೆ ಹಿಂದೆ ಸರಿಯಿರಿ. ಹತ್ತು ಮೀಟರ್ ಆಗಲಿ, ಐವತ್ತಾಗಲಿ. ತಿಂದಿತು ಅಂದರೆ ಅಲ್ಲಿಂದ ಪಾಠ ಶುರು. ಪಡಸಾಲೆ, ಅಂಗಳ, ಗೇಟಿನ ಮುಂದೆ, ಬೆಳಗಿನ ಆರು ಗಂಟೆಯ ಖಾಲಿ ಓಣಿ, ಆಮೇಲೆ ಸಾಧನಕೇರಿ. ನೀವು ಪಡಸಾಲೆಯಿಂದ ನೇರ ಸಾಧನಕೇರಿಗೆ ಹಾರಿದ್ದೀರಿ ಅಂತ ಕಾಣುತ್ತದೆ.

ಜಾಗ ಕಷ್ಟವಾದಂತೆ ಟ್ರೀಟ್ ಏರಬೇಕು. ಮನೆಯೊಳಗೆ ಗಜ್ಜರಿ, ಅಥವಾ ಅದರ ಊಟದ್ದೇ ಡಾಗ್ ಫುಡ್ ಕಾಳು. ಅಂಗಳಕ್ಕೆ ಜುಣಕದ ತುಂಡು. ರಸ್ತೆಗೆ ಪನೀರ್. ಪನೀರನ್ನು ಮನೆಯೊಳಗೆ ಸುಮ್ನೆ ಹಂಚಿದರೆ ರಸ್ತೆಯಲ್ಲಿ ಅದಕ್ಕೆ ಬೆಲೆ ಉಳಿಯುವುದಿಲ್ಲ. ನಾನು ಹೇಳಿದ ಈ ಸಾಲನ್ನು ಬಿಜಲಿ ಒಪ್ಪಲೇಬೇಕೆಂದಿಲ್ಲ, ಅದನ್ನೇ ಕೇಳಿ. ಎರಡು ಮುಷ್ಟಿಯಲ್ಲಿ ಎರಡು ಬೇರೆ ತುಂಡು ಇಟ್ಟು ಮೂಗಿನ ಮುಂದೆ ಹಿಡಿಯಿರಿ. ಎರಡನ್ನೂ ಮೂಸಿದ ಮೇಲೆ ಯಾವ ಮುಷ್ಟಿಯನ್ನು ನೆಕ್ಕುತ್ತಾ ಕೂರುತ್ತದೆ ನೋಡಿ. ಕೈ ಅದಲುಬದಲು ಮಾಡಿ ಇನ್ನೂ ಕೆಲವು ಸಲ ಮಾಡಿ. ಬಲಗೈಯ ಕಡೆಗೇ ಹೋಗುವ ಅಭ್ಯಾಸದ ನಾಯಿಗಳೂ ಇರುತ್ತವೆ. ನನ್ನ ಕ್ಲಿನಿಕ್‌ಗೆ ಬರುವ ಒಂದು ಲ್ಯಾಬ್ರಡಾರ್ ಪನೀರ್ ಬಿಟ್ಟು ಸವತಿಕಾಯಿ ಆರಿಸುತ್ತದೆ. ಮನೆಯವರಿಗೆ ನಾಚಿಕೆ, ನನಗೆ ಸಂತೋಷ.

ಮುಧೋಳಕ್ಕೆ ಇನ್ನೊಂದು ಬಹುಮಾನ ಇದೆ, ಖರ್ಚಿಲ್ಲದ್ದು. ಟ್ರೀಟ್ ಅನ್ನು ಬಾಯಿಗೆ ಕೊಡಬೇಡಿ, ನೆಲದ ಮೇಲೆ ಜೋರಾಗಿ ಉರುಳಿಸಿ. ಓಡುವ ವಸ್ತುವಿನ ಹಿಂದೆ ಹೋಗಿ ಹಿಡಿಯುವುದು ಈ ತಳಿಗೆ ತಿನ್ನುವುದಕ್ಕಿಂತ ದೊಡ್ಡ ಖುಷಿ. 'ಬಾ' ಅಂದಾಗ ಬಂತು, 'ಭೇಷ್' ಅಂದಿರಿ, ತುಂಡು ನಿಮ್ಮ ಹಿಂದಕ್ಕೆ ಉರುಳಿತು, ಬಿಜಲಿ ಹಾರಿ ಹಿಡಿಯಿತು. ಹಿಡಿದು ತಲೆ ಎತ್ತುವಷ್ಟರಲ್ಲಿ ಮತ್ತೆ ಕರೆಯಿರಿ. ನುಣುಪು ನೆಲ ಬೇಡ, ಕಾಲು ಜಾರುತ್ತದೆ. ಕಾಂಪೌಂಡ್ ಇರುವ ಜಾಗ ಇಲ್ಲವೇ ಹತ್ತು ಮೀಟರ್ ಹಗ್ಗ ಕಡ್ಡಾಯ. ಓಟ ಹಿಡಿದ ಮುಧೋಳವನ್ನು ಪನೀರ್ ತೋರಿಸಿ ನಿಲ್ಲಿಸಿದವರನ್ನು ನಾನು ಕಂಡಿಲ್ಲ. ಹೊಟ್ಟೆ ತುಂಬ ಊಟ ಮಾಡಿದ ಮೇಲೂ ಈ ಆಟ ಬೇಡ. ಎದೆ ಆಳವಾದ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಜಾಸ್ತಿ. ಊಟಕ್ಕೆ ಮೊದಲು, ಸ್ವಲ್ಪ ಹಸಿವಿರುವಾಗಲೇ ಪಾಠ ಮಾಡಿ. ಒಂದು ಸಲಕ್ಕೆ ಐದು ನಿಮಿಷ ಸಾಕು.

ಕೊಡುವ ಹೊತ್ತು ತಪ್ಪಿದರೆ ಟ್ರೀಟ್ ಹಾಳು. ಕೂತ ಕ್ಷಣಕ್ಕೇ 'ಭೇಷ್' ಅನ್ನಬೇಕು, ಆಮೇಲೆ ಜೇಬಿಗೆ ಕೈ ಹೋಗಬೇಕು. ತುಂಡು ಹುಡುಕುವಷ್ಟರಲ್ಲಿ ಅದು ಎದ್ದು ನಿಂತಿದ್ದರೆ ನೀವು ಬಹುಮಾನ ಕೊಟ್ಟದ್ದು ಏಳುವುದಕ್ಕೆ. ಹಾಗೆಯೇ, ಕರೆಯುವ ಮೊದಲೇ ಟ್ರೀಟ್ ತೋರಿಸಬೇಡಿ. ತೋರಿಸಿ ಕರೆದರೆ ತೋರಿಸದ ದಿನ ಬರುವುದಿಲ್ಲ.

ಪೇಟೆಯ ಟ್ರೀಟ್ ತರುವುದಾದರೆ ಹಿಂಬದಿಯ ಚೀಟಿ ಓದಿ. ಮೊದಲ ಎರಡು ಮೂರು ಪದಾರ್ಥಗಳಲ್ಲಿ ಸಕ್ಕರೆ, ಸಿರಪ್ ಇದ್ದರೆ ಅಲ್ಲೇ ಇಡಿ. ಚರ್ಮದ ಎಲುಬು, ಯಾಕ್ ಹಾಲಿನ ಗಟ್ಟಿ ಚುರ್ಪಿ ಇವು ಹೊತ್ತು ಕಳೆಯಲು ಅಗಿಯುವ ವಸ್ತು, ಪಾಠಕ್ಕಲ್ಲ. ಒಣಗಿಸಿದ ಚಿಕನ್ ಚೂರುಗಳ ಪ್ಯಾಕೆಟ್ ಅನ್ನು ಸ್ಕೂಟರ್ ಡಿಕ್ಕಿಯಲ್ಲೇ ಇಟ್ಟುಕೊಂಡು ಹೊರಗಿನದು ಹೊರಗೇ ಮುಗಿಸುವ ಮನೆಗಳು ಹುಬ್ಬಳ್ಳಿ-ಧಾರವಾಡದಲ್ಲಿ ಬೇಕಾದಷ್ಟಿವೆ. ಅದು ನಿಮ್ಮ ಮನೆಯ ನಿರ್ಧಾರ. ನೀವು ಕೇಳದಿದ್ದರೂ ಒಂದು ಮಾತು: ಟ್ರೀಟ್ ಸಸ್ಯಾಹಾರ ಇದ್ದರೆ ಚಿಂತೆಯಿಲ್ಲ, ಊಟ ಬರೀ ಹಾಲು-ರೊಟ್ಟಿ ಆಗಿದ್ದರೆ ಬೆಳೆಯುವ ಮರಿಗೆ ಸಾಲುವುದಿಲ್ಲ. ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಕಡಿಮೆ ಬೀಳುತ್ತವೆ. ಅದನ್ನು ನಿಮ್ಮ ಡಾಕ್ಟರ ಹತ್ತಿರ ಬೇರೆಯಾಗಿ ಕೂತು ಮಾತಾಡಿ.

ಬಂದವರು 'ನಾಯಿ ಬಡವಾಗಿದೆಯಲ್ಲ, ತಿನ್ನಲು ಹಾಕಲ್ವಾ?' ಅಂತ ಕೇಳುತ್ತಾರೆ. ಅವರ ಮಾತಿಗೆ ಟ್ರೀಟ್ ಹೆಚ್ಚಿಸಬೇಡಿ. ಮುಧೋಳ ಸಣಕಲಾಗಿಯೇ ಇರಬೇಕು. ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಆರೋಗ್ಯದ ಲಕ್ಷಣ. ತಿಂಗಳಿಗೊಮ್ಮೆ ತೂಕ ನೋಡಿ, ಪಕ್ಕೆ ಮುಟ್ಟಿ ನೋಡಿ. ಎಲುಬು ಕೈಗೆ ಸಿಗದಿದ್ದರೆ ಮೊದಲು ಟ್ರೀಟ್ ಡಬ್ಬಿ, ಆಮೇಲೆ ಮಾವನವರ ಜೇಬು ಪರೀಕ್ಷಿಸಿ.

ಕೊನೆಯ ಪ್ರಶ್ನೆ, ಎಷ್ಟು ದಿನ ಹೀಗೆ? ಹೊಸ ಪಾಠ ಕಲಿಯುವಾಗ ಪ್ರತಿ ಸಲ ಕೊಡಿ. ಹತ್ತಕ್ಕೆ ಎಂಟು ಸಲ ತಪ್ಪಿಲ್ಲದೆ ಮಾಡುವ ಹಾಗಾದ ಮೇಲೆ ಒಮ್ಮೆ ಕೊಟ್ಟು ಎರಡು ಸಲ ಬಿಡಿ, ಒಮ್ಮೆ ಒಂದೇ ತುಂಡು, ಇನ್ನೊಮ್ಮೆ ಐದು. ಯಾವಾಗ ಬರುತ್ತದೆ ಅಂತ ಗೊತ್ತಾಗಬಾರದು. ಕೂತ್ಕೋ, ಇರು, ಕೈ ಕೊಡು ಇವಕ್ಕೆ ಕೆಲವು ತಿಂಗಳಲ್ಲಿ ಬೆನ್ನು ತಟ್ಟಿದರೂ ಸಾಕಾಗುತ್ತದೆ. 'ಬಾ' ಅನ್ನುವ ಒಂದು ಮಾತಿಗೆ ಮಾತ್ರ ಟ್ರೀಟ್ ಪೂರ್ತಿ ನಿಲ್ಲಿಸಬೇಡಿ. ರಸ್ತೆಯ ಆ ಬದಿಯಲ್ಲಿ ಬೆಕ್ಕು ಇರುವಾಗ, ಮಧ್ಯೆ ಲಾರಿ ಬರುತ್ತಿರುವಾಗ ಬೇಕಾಗುವ ಮಾತು ಅದು. ವಾಕಿಂಗ್‌ಗೆ ಹೊರಡುವಾಗ ಜೇಬಿನಲ್ಲಿ ಎಂಟು ಹತ್ತು ತುಂಡು ಪನೀರ್ ಇರಲಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಒಂದು ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ, ಹುಳಿ ವಾಸನೆ ಬಂದರೆ ಬಿಸಾಡಿ.